ಕಾಣಿಗಳು ತೋರಿಸಿದ ಗಿಡ

1987ರ ಡಿಸೆಂಬರ್. ಕೇರಳದ ದಕ್ಷಿಣ ತುದಿಯ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳ ತಂಡವೊಂದು ಬೆಟ್ಟ ಹತ್ತುತ್ತಿತ್ತು. ದೇಶದ ಬುಡಕಟ್ಟುಗಳ ಸಸ್ಯಜ್ಞಾನವನ್ನು ದಾಖಲಿಸುವ ಯೋಜನೆ ಅದು, ಮುಂದಾಳು ಪಿ. ಪುಷ್ಪಾಂಗದನ್. ದಾರಿ ತೋರಿಸಲು ಬಂದಿದ್ದವರು ಅದೇ ಕಾಡಿನ ಕಾಣಿ ಸಮುದಾಯದ ಯುವಕರು. ಏರುದಾರಿಯಲ್ಲಿ ವಿಜ್ಞಾನಿಗಳಿಗೆ ಏದುಸಿರು, ಕಾಣಿಗಳಿಗೆ ಆಯಾಸವೇ ಇಲ್ಲ. ನಡುನಡುವೆ ಅವರು ಏನೋ ಸಣ್ಣ ಕಾಯಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೊಟ್ಟಾಗ ಇವರೂ ತಿಂದರು. ಮೈಗೆ ಹುರುಪು ಬಂತು.

ಯಾವ ಗಿಡದ್ದು ಎಂದು ಕೇಳಿದರೆ ಅವರು ಬಾಯಿ ಬಿಡಲಿಲ್ಲ. ಅದು ಕುಲದ ಗುಟ್ಟು. ದುರುಪಯೋಗ ಮಾಡುವುದಿಲ್ಲ, ಲಾಭ ಬಂದರೆ ನಿಮಗೂ ಪಾಲು ಎಂದು ಮಾತು ಕೊಟ್ಟ ಮೇಲೆಯೇ ಅವರು ತೋರಿಸಿದ್ದು ಆರೋಗ್ಯಪಚ್ಚ, ನೆರಳಲ್ಲಿ ನೆಲಕ್ಕೆ ಹತ್ತಿರವಾಗಿ ಬೆಳೆಯುವ ಪುಟ್ಟ ಗಿಡ. ಸಸ್ಯಶಾಸ್ತ್ರಕ್ಕೆ ಅದು ಹೊಸದೇನಲ್ಲ; 18ನೇ ಶತಮಾನದಲ್ಲೇ ಟ್ರೈಕೋಪಸ್ ಜೀಲಾನಿಕಸ್ ಎಂದು ಹೆಸರಿಟ್ಟಾಗಿತ್ತು. ಅಷ್ಟು ಕಾಲ ಪುಸ್ತಕದಲ್ಲಿದ್ದ ಗಿಡದ ಗುಣ ಬಲ್ಲವರು ಅದರ ಪಕ್ಕದಲ್ಲೇ ಬಾಳಿದವರು. ಹಾಗಾಗಿ ಇದನ್ನು ಕಂಡುಹಿಡಿದವರು ಯಾರೆಂದರೆ ನಾನು ಮೊದಲು ಹೇಳುವುದು ಕಾಣಿಗಳ ಹೆಸರನ್ನೇ.

ಪ್ರಯೋಗಾಲಯದ ಕೆಲಸವೂ ಸಣ್ಣದಲ್ಲ. ಕಾಣಿಗಳು ತಿನ್ನುತ್ತಿದ್ದುದು ಕಾಯಿ; ಎಲೆಯಲ್ಲೂ ಸತ್ವವಿದೆ ಎಂಬುದು ಪರೀಕ್ಷೆಗಳಲ್ಲಿ ತಿಳಿಯಿತು. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆಯಲ್ಲಿ ಆ ಎಲೆಗೆ ಅಶ್ವಗಂಧ, ಹಿಪ್ಪಲಿ, ವಿಷ್ಣುಕ್ರಾಂತಿ ಸೇರಿಸಿ ‘ಜೀವನಿ’ ಎಂಬ ಔಷಧ ಸಿದ್ಧಪಡಿಸಿದರು. 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿ 10 ಲಕ್ಷ ರೂಪಾಯಿ ಶುಲ್ಕಕ್ಕೆ, ಮಾರಾಟದ ಮೇಲೆ ಶೇ. 2 ಗೌರವಧನಕ್ಕೆ ತಯಾರಿಕೆಯ ಹಕ್ಕು ಪಡೆಯಿತು. ಎರಡರಲ್ಲೂ ಅರ್ಧ ಕಾಣಿಗಳಿಗೆ ಎಂದು ಸಂಸ್ಥೆ ತೀರ್ಮಾನಿಸಿತು. ಪಾಲು ಕೊಡಬೇಕೆಂದು ಹೇಳುವ ಜೀವವೈವಿಧ್ಯ ಕಾಯಿದೆ ನಮ್ಮಲ್ಲಿ ಬಂದದ್ದು 2002ರಲ್ಲಿ. ಕಾನೂನು ಇಲ್ಲದ ಕಾಲದಲ್ಲಿ ಕಾಡಿನಲ್ಲಿ ಆಡಿದ ಮಾತನ್ನು ಉಳಿಸಿಕೊಂಡರಲ್ಲ, ಅದು ನನಗೆ ಔಷಧಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆದರೆ ಗುಟ್ಟು ಇಡೀ ಕುಲದ್ದು, ಹೇಳಿದವರು ಕೆಲವರು. ಕಾಣಿಗಳ ನಾಟಿವೈದ್ಯರನ್ನು ‘ಪ್ಲಾತಿ’ ಎನ್ನುತ್ತಾರೆ. ತಮ್ಮ ವಿದ್ಯೆಯನ್ನು ಖಾಸಗಿ ಕಂಪನಿಗೆ ಮಾರಬಾರದೆಂದು ಪ್ಲಾತಿಗಳಲ್ಲಿ ಕೆಲವರು ಮುಖ್ಯಮಂತ್ರಿಗೇ ಪತ್ರ ಬರೆದರು. ಆ ಮಾತನ್ನು ಬದಿಗೆ ಸರಿಸುವಂತಿಲ್ಲ. ಹಣ ಯಾರ ಕೈಗೆ ಸೇರಬೇಕೆಂಬುದೂ ಇತ್ಯರ್ಥವಾಗಬೇಕಿತ್ತು. ಅದಕ್ಕಾಗಿ 1997ರಲ್ಲಿ ಕಾಣಿ ಸಮುದಾಯದ ಕ್ಷೇಮ ಟ್ರಸ್ಟ್ ಹುಟ್ಟಿತು. ಮೊದಲ ಕಂತು ಅದಕ್ಕೆ ತಲುಪಿದ್ದು 1999ರಲ್ಲಿ.

ತೊಡಕು ಅಲ್ಲಿಗೂ ಮುಗಿಯಲಿಲ್ಲ. ಆರೋಗ್ಯಪಚ್ಚ ತನ್ನ ನೆಲ ಬಿಟ್ಟು ಬೇರೆಡೆ ಬೆಳೆದರೆ ಸತ್ವ ಕಳೆದುಕೊಳ್ಳುತ್ತದೆಂದು ಕಂಡುಬಂದಿತ್ತು. ಕಾಡಿನಂಚಿನ ಕಾಣಿ ಕುಟುಂಬಗಳೇ ಬೆಳೆಸಿ ಎಲೆ ಮಾರಬೇಕೆಂಬುದು ಯೋಜನೆ. ಅಪರೂಪದ ಗಿಡ ಕಾಡಿನಿಂದಲೇ ಬರಿದಾದೀತೆಂಬ ಆತಂಕದಲ್ಲಿ ಅರಣ್ಯ ಇಲಾಖೆ ತಡೆಯೊಡ್ಡಿತು. ಆತಂಕಕ್ಕೆ ಕಾರಣವಿತ್ತು, ಒಪ್ಪುತ್ತೇನೆ. ಆದರೂ ಗಿಡವನ್ನು ಲೋಕಕ್ಕೆ ತೋರಿಸಿದವರೇ ಅದರ ಎಲೆ ಮಾರಲು ಅಪ್ಪಣೆಗೆ ಕಾಯಬೇಕಾಯಿತು.