ಮೈಯಳತೆಗೆ ಒಪ್ಪುವ ಬಿಲ್ಲು: ಬೇಟೆಯ ಋತುವಿಗೆ ಮುನ್ನ ನಡೆಯುವ ಖರೀದಿ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಿಂಕೆಯ ಬಿಲ್ಲುಬೇಟೆಯ ಋತುವು ಸೆಪ್ಟೆಂಬರ್ ಇಲ್ಲವೆ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗುತ್ತದೆ. ಕೆಂಟಕಿಯಲ್ಲಿ ಸೆಪ್ಟೆಂಬರ್ ತಿಂಗಳ ಮೊದಲ ಶನಿವಾರದಿಂದ, ಐಯೊವಾ ಮತ್ತು ಇಲಿನಾಯ್ ರಾಜ್ಯಗಳಲ್ಲಿ ಅಕ್ಟೋಬರ್ 1ರಿಂದ ಬಿಲ್ಲು ಹಿಡಿದವರು ಕಾಡಿಗೆ ಇಳಿಯಬಹುದಾದ್ದರಿಂದ, ಆಗಸ್ಟ್ ತಿಂಗಳು ಬಂತೆಂದರೆ ಬಿಲ್ಲಿನ ಅಂಗಡಿಗಳಲ್ಲಿ ಜನಸಂದಣಿ ಏರುತ್ತದೆ. ಹಳೆಯ ಬಿಲ್ಲಿನ ಹೆದೆ ಬದಲಿಸಿಕೊಳ್ಳುವವರು, ಬಾಣ ಕತ್ತರಿಸಿಕೊಳ್ಳುವವರು, ಹೊಸ ಬಿಲ್ಲನ್ನೇ ಕೊಳ್ಳುವವರು ಎಲ್ಲರೂ ಒಂದೇ ಹೊತ್ತಿಗೆ ಬಂದು ಸೇರುವುದರಿಂದ, ಗ್ರಾಹಕನ ಮೈಯಳತೆ ತೆಗೆದು ಬಿಲ್ಲನ್ನು ಅದಕ್ಕೆ ಹೊಂದಿಸಿಕೊಡುವ ನುರಿತ ಕೆಲಸಗಾರನಿಗೆ ಒಬ್ಬೊಬ್ಬರ ಮೇಲೂ ಸಾಕಷ್ಟು ಹೊತ್ತು ಕಳೆಯಲು ಸಾಧ್ಯವಾಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನಿಧಾನವನ್ನು ಬೇಡುವ ಖರೀದಿಯು ಎಲ್ಲಕ್ಕಿಂತ ಹೆಚ್ಚು ಅವಸರದ ತಿಂಗಳಲ್ಲಿ ನಡೆಯುವುದೇ ಈ ವಿಷಯದ ಮೂಲ ತೊಡಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿಷೇಧಿಸಿರುವುದರಿಂದ, ಕನ್ನಡದ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವೆನಿಸುವುದು ಸಹಜ. ಅಮೆರಿಕದಲ್ಲಿ ಬೇಟೆಯು ವನ್ಯಜೀವಿ ನಿರ್ವಹಣೆಯ ಅಂಗವಾಗಿದ್ದು, ಯಾವ ಪ್ರಾಣಿಯನ್ನು ಯಾವ ಅವಧಿಯಲ್ಲಿ, ಯಾವ ಆಯುಧದಿಂದ, ಎಷ್ಟರ ಮಟ್ಟಿಗೆ ಕೊಲ್ಲಬಹುದೆಂಬುದನ್ನು ಆಯಾ ರಾಜ್ಯವೇ ಗೊತ್ತುಪಡಿಸುತ್ತದೆ. ಬಿಲ್ಲಿಗೆಂದೇ ಪ್ರತ್ಯೇಕ ಜಿಂಕೆ ಬೇಟೆಯ ಅವಧಿಯನ್ನು 1934ರಲ್ಲಿ ಮೊದಲಿಗೆ ತೆರೆದದ್ದು ವಿಸ್ಕಾನ್ಸಿನ್ ರಾಜ್ಯ. ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಹಿತಕ್ಕೆ ಮೀಸಲಿಟ್ಟ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯನ್ನು 1970ರ ದಶಕದಲ್ಲಿ ಬಿಲ್ಲುಗಳಿಗೂ ವಿಸ್ತರಿಸಲಾಯಿತು; ಬೇಟೆಗೆ ಬಳಕೆಯಾಗುವಷ್ಟು ಬಲದ ಬಿಲ್ಲಿನ ಮೇಲೆ ತಯಾರಕರು ಕೊಡುವ ಶೇ. 11ರ ತೆರಿಗೆಯು ಇಂದಿಗೂ ಈ ಕಾಯ್ದೆಯ ಮೂಲಕ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ.

ಬಿಲ್ಲನ್ನು ಬಳಸುವವನ ಮೈಯಿಂದಲೇ ಅದರ ಅಳತೆ ಹುಟ್ಟಬೇಕೆಂಬುದು ಬಹಳ ಹಳೆಯ ತಿಳಿವಳಿಕೆ. ತನ್ನ ಯಾಹಿ ಜನಾಂಗದ ಕೊನೆಯವನಾಗಿ ಉಳಿದು, 1911ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನ ಬಳಿ ಹೊರಜಗತ್ತಿನ ಕಣ್ಣಿಗೆ ಬಿದ್ದ ಇಶಿ ಎಂಬಾತನಿಂದ ಬಿಲ್ಲುವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್, ಆ ಅನುಭವವನ್ನು 1923ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಇಶಿಯ ಪ್ರಕಾರ ಬಿಲ್ಲಿನ ಸರಿಯಾದ ಉದ್ದವೆಂದರೆ ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗಿನ ದೂರವೆಂದೂ, ಅವನ ಮೈಯಲ್ಲಿ ಅದು 42 ಇಂಚು ಇತ್ತೆಂದೂ ಪೋಪ್ ದಾಖಲಿಸಿದ್ದಾನೆ. ಇಶಿಯು ತನ್ನ ಬಿಲ್ಲನ್ನು ತಾನೇ ಕೆತ್ತಿಕೊಳ್ಳುತ್ತಿದ್ದುದರಿಂದ ಅಳತೆ ತಪ್ಪುವ ಪ್ರಶ್ನೆ ಏಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಾರಿಗೋ ಎಂದು ತಯಾರಾದ ಬಿಲ್ಲನ್ನು ಅಂಗಡಿಯಲ್ಲಿ ತನ್ನದಾಗಿಸಿಕೊಳ್ಳುವ ಇಂದಿನ ಬೇಟೆಗಾರನಿಗಾದರೋ ಅದು ಮೊದಲ ಪ್ರಶ್ನೆಯಾಗಬೇಕು.

ಇಂದು ಅಮೆರಿಕದ ಬೇಟೆಗಾರರಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಕಾಂಪೌಂಡ್ ಬಿಲ್ಲು. ಮಿಸೌರಿ ರಾಜ್ಯದ ಹೊಲೆಸ್ ವಿಲ್ಬರ್ ಆಲನ್ ಎಂಬಾತ 1969ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇದರ ಎರಡು ತುದಿಗಳಲ್ಲಿ ಕ್ಯಾಮ್ ಎಂಬ, ಪೂರ್ತಿ ದುಂಡಗಿರದ ಗಾಲಿಗಳಿದ್ದು, ಅವುಗಳ ಮೇಲೆ ಹೆದೆಯೂ ಕೇಬಲ್‌ಗಳೂ ಸುತ್ತಿಕೊಂಡಿರುತ್ತವೆ. ಸಾಮಾನ್ಯ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತಲೇ ಹೋದರೆ, ಇಲ್ಲಿ ಕ್ಯಾಮ್ ತಿರುಗಿ ಒಂದು ಹಂತವನ್ನು ದಾಟಿದೊಡನೆ ಕೈಗೆ ತಗಲುವ ಭಾರ ದಿಢೀರನೆ ಇಳಿಯುತ್ತದೆ. ಈ ಇಳಿಕೆಗೆ ಲೆಟ್-ಆಫ್ ಎನ್ನುತ್ತಾರೆ. 70 ಪೌಂಡ್, ಎಂದರೆ ಸುಮಾರು 32 ಕಿಲೋ ಬಲದ ಬಿಲ್ಲಿಗೆ ಶೇ. 80ರ ಲೆಟ್-ಆಫ್ ಇದ್ದರೆ, ಪೂರ್ತಿ ಎಳೆದು ಗುರಿ ಹಿಡಿದಿರುವಾಗ ಬೆರಳಿಗೆ ತಗಲುವುದು 14 ಪೌಂಡ್ ಮಾತ್ರ. ಆ ಹಂತದಿಂದ ಮುಂದೆ ಹೆದೆ ಗೋಡೆಗೆ ತಾಗಿದಂತೆ ನಿಂತುಬಿಡುತ್ತದೆ. ಹೆದೆ ಎಲ್ಲಿ ನಿಲ್ಲಬೇಕೆಂಬುದನ್ನು ಇಲ್ಲಿ ತೀರ್ಮಾನಿಸುವುದು ಬಿಲ್ಲುಗಾರನ ತೋಳಲ್ಲ, ಯಂತ್ರ. ಆದ್ದರಿಂದ ಯಂತ್ರದ ಅಳತೆಯು ತೋಳಿನ ಅಳತೆಗೆ ಮೊದಲೇ ಒಪ್ಪಿರಬೇಕು.

ಈ ಅಳತೆಗೆ ಡ್ರಾ ಲೆಂತ್, ಅಂದರೆ ಎಳೆತದ ಉದ್ದ ಎಂದು ಹೆಸರು. ಪೂರ್ತಿ ಎಳೆದಾಗ ಹಿಡಿಕೆಯ ಅತ್ಯಂತ ಆಳದ ಬಿಂದುವಿನಿಂದ, ಬಾಣದ ಕಚ್ಚು ಕೂರುವ ಹೆದೆಯ ಜಾಗದವರೆಗಿನ ದೂರಕ್ಕೆ ಒಂದೂಮುಕ್ಕಾಲು ಇಂಚು ಕೂಡಿಸಿ ಇದನ್ನು ಲೆಕ್ಕ ಹಾಕುವುದು ರೂಢಿ. ಎರಡೂ ತೋಳುಗಳನ್ನು ಭುಜದ ಮಟ್ಟಕ್ಕೆ ಚಾಚಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದವನ್ನು ಇಂಚುಗಳಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 70 ಇಂಚಿನ ಚಾಚಿದ ತೋಳುಗಳವನಿಗೆ 28 ಇಂಚು. ಇದು ಅಂದಾಜೇ ಹೊರತು ತೀರ್ಪಲ್ಲ, ಏಕೆಂದರೆ ಭುಜದ ಅಗಲ, ಕತ್ತಿನ ಉದ್ದ, ಮುಖದ ಆಕಾರ, ಹೆದೆಯನ್ನು ಬಿಡಲು ಕೈಯಲ್ಲಿ ಹಿಡಿಯುವ ರಿಲೀಸ್ ಎಂಬ ಕೊಕ್ಕೆಯ ಬಗೆ ಇವೆಲ್ಲ ಸೇರಿ ಅರ್ಧ ಇಂಚಿನಷ್ಟು ವ್ಯತ್ಯಾಸ ಮಾಡಬಲ್ಲವು. ನಿಜವಾದ ತೀರ್ಪು ಸಿಗುವುದು ಬಿಲ್ಲುಗಾರನು ಪೂರ್ತಿ ಎಳೆದು ನಿಂತಾಗ, ಬದಿಯಲ್ಲಿ ನಿಂತು ನೋಡುವವನ ಕಣ್ಣಿಗೆ. ಬೆನ್ನು ನೆಟ್ಟಗಿದ್ದು, ತಲೆ ಮುಂದಕ್ಕಾಗಲಿ ಹಿಂದಕ್ಕಾಗಲಿ ಬಾಗದೆ, ಹೆದೆಯು ಮೂಗಿನ ತುದಿಯನ್ನೂ ಬಾಯಿಯ ಅಂಚನ್ನೂ ತಾನಾಗಿ ಮುಟ್ಟಿ, ಎಳೆದ ಕೈ ದವಡೆಯ ಮೂಳೆಗೆ ಆತುಕೊಂಡು, ಮೊಣಕೈಯು ಬಾಣದ ಗೆರೆಯ ನೇರಕ್ಕೆ ಬಂದಿದ್ದರೆ ಅಳತೆ ಸರಿಯಿದೆಯೆಂದು ಅರ್ಥ. ಕಣ್ಣು ಮುಚ್ಚಿ ಎಳೆದು, ಮೈ ನೆಮ್ಮದಿಯಾದ ಜಾಗಕ್ಕೆ ಬಂದ ಮೇಲೆ ಕಣ್ಣು ತೆರೆದಾಗ ಹೆದೆ ಎಲ್ಲಿದೆಯೆಂದು ನೋಡಿಕೊಳ್ಳುವುದು ಉಪಯುಕ್ತವಾದ ಪರೀಕ್ಷೆ.

ಅಳತೆಯಲ್ಲಿ ಆಗುವ ತಪ್ಪು ಸಾಮಾನ್ಯವಾಗಿ ಉದ್ದದ ಕಡೆಗೇ ವಾಲಿರುತ್ತದೆ. ಎಳೆತ ಉದ್ದವಾದಾಗ ಬಿಲ್ಲುಗಾರನು ಸೊಂಟದಿಂದ ಹಿಂದಕ್ಕೆ ವಾಲುತ್ತಾನೆ, ಬಿಲ್ಲು ಹಿಡಿದ ತೋಳಿನ ಮೊಣಕೈ ಬಿಗಿದುಕೊಳ್ಳುತ್ತದೆ, ಬಿಟ್ಟ ಹೆದೆ ಮುಂಗೈಗೆ ಬಡಿಯುತ್ತದೆ, ಗುರಿಯ ಬಿಂದು ಎಷ್ಟು ಹೊತ್ತು ಹಿಡಿದರೂ ನಿಲ್ಲದೆ ಅಲೆಯುತ್ತದೆ. ಹೀಗಿದ್ದೂ ಜನ ಉದ್ದದ ಕಡೆ ಒಲಿಯುವುದಕ್ಕೆ ಕಾರಣ ವೇಗದ ಆಸೆ. ಎಳೆತವು ಒಂದು ಇಂಚು ಹೆಚ್ಚಿದರೆ ಬಾಣದ ವೇಗ ಸೆಕೆಂಡಿಗೆ ಸುಮಾರು 10 ಅಡಿ ಏರುತ್ತದೆ. ಬಿಲ್ಲಿನ ಜಾಹೀರಾತಿನಲ್ಲಿ ಅಚ್ಚಾಗುವ ವೇಗವನ್ನು 70 ಪೌಂಡ್ ಬಲ, 30 ಇಂಚಿನ ಎಳೆತ ಮತ್ತು 350 ಗ್ರೇನ್, ಅಂದರೆ 23 ಗ್ರಾಮಿಗಿಂತ ಕಡಿಮೆ ತೂಕದ ಹಗುರ ಬಾಣಕ್ಕೆ ಅನ್ವಯಿಸಿ ಅಳೆಯಲಾಗುವುದರಿಂದ, 28 ಇಂಚಿನ ಎಳೆತದಲ್ಲಿ ಭಾರವಾದ ಬೇಟೆಯ ಬಾಣ ಹೂಡುವವನಿಗೆ ಆ ವೇಗ ಸಿಗುವುದೇ ಇಲ್ಲ. ಅದು ಸಿಗದಿದ್ದರೆ ನಷ್ಟವೂ ಇಲ್ಲ. ಮೂವತ್ತು ಗಜ ದೂರದಲ್ಲಿರುವ ಜಿಂಕೆಯನ್ನು ಬಾಣವು ಮುಟ್ಟಲು ಸೆಕೆಂಡಿನ ಮೂರನೆಯ ಒಂದು ಭಾಗ ಹಿಡಿಯುತ್ತದೆ. ಹೆದೆಯ ಸದ್ದು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೂ ಮುನ್ನವೇ ಅದರ ಕಿವಿಗೆ ಬಿದ್ದಿರುತ್ತದೆ. ಯಾವ ಬಿಲ್ಲಿನ ಬಾಣವೂ ಸದ್ದನ್ನು ಹಿಂದಿಕ್ಕಲಾರದು. ಹೀಗಿರುವಾಗ ಹತ್ತು ಅಡಿಯ ವೇಗಕ್ಕಾಗಿ ನಿಲುವಿನ ಸ್ಥಿರತೆಯನ್ನು ಬಿಟ್ಟುಕೊಡುವುದು ಪ್ರಾಣಿಗೆ ಮಾಡುವ ಅನ್ಯಾಯವೇ ಸರಿ.

ಪ್ರಾಣಿಯ ಮಾತು ಇಲ್ಲಿ ಬರಲೇಬೇಕು. ಗುಂಡಿನಂತೆ ಆಘಾತದಿಂದಲ್ಲ, ಹರಿತವಾದ ಅಲಗಿನಿಂದ ರಕ್ತನಾಳಗಳನ್ನು ಕತ್ತರಿಸಿ ಬಾಣವು ಕೊಲ್ಲುತ್ತದೆ. ಶ್ವಾಸಕೋಶ ಮತ್ತು ಹೃದಯಗಳಿರುವ ಎದೆಯ ಭಾಗಕ್ಕೆ ನಾಟಿದ ಬಾಣದಿಂದ ಜಿಂಕೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿದರೆ, ಅಲ್ಲಿಂದ ಗೇಣುದ್ದ ಹಿಂದಕ್ಕೆ, ಹೊಟ್ಟೆಗೆ ಬಿದ್ದ ಬಾಣವನ್ನು ಹೊತ್ತು ಅದು ಗಂಟೆಗಟ್ಟಲೆ ನರಳುತ್ತದೆ, ಹಲವು ಸಲ ಬೇಟೆಗಾರನಿಗೆ ಸಿಗುವುದೂ ಇಲ್ಲ. ಮೈಗೊಪ್ಪದ ಬಿಲ್ಲಿನಿಂದ ಆಗುವ ಗೇಣುದ್ದದ ತಪ್ಪಿನ ಬೆಲೆಯನ್ನು ತೆರುವುದು ಬಿಲ್ಲು ಕೊಂಡವನಲ್ಲ.

ಎರಡನೆಯ ಅಳತೆ ಡ್ರಾ ವೇಟ್, ಅಂದರೆ ಹೆದೆ ಎಳೆಯುವಾಗ ಬೇಕಾಗುವ ಗರಿಷ್ಠ ಬಲ. ಜಿಂಕೆ ಬೇಟೆಗೆ ಹಲವು ರಾಜ್ಯಗಳು ವಿಧಿಸಿರುವ ಕನಿಷ್ಠ ಮಿತಿ 30ರಿಂದ 40 ಪೌಂಡಿನ ನಡುವೆ ಇದ್ದರೂ, ಅಂಗಡಿಯಲ್ಲಿ 70 ಪೌಂಡಿನ ಬಿಲ್ಲನ್ನೇ ಬೇಡುವ ಗಂಡಸರಿಗೆ ಕೊರತೆಯಿಲ್ಲ. ಬೆಚ್ಚಗಿನ ಅಂಗಡಿಯಲ್ಲಿ ನಿಂತು, ಬಿಲ್ಲನ್ನು ಆಕಾಶದತ್ತ ಎತ್ತಿ, ಮೈಯೆಲ್ಲ ಕೂಡಿಸಿ ಎಳೆದದ್ದನ್ನು ಶಕ್ತಿಯ ಅಳತೆಯೆಂದು ಒಪ್ಪಲಾಗದು. ನವೆಂಬರ್ ತಿಂಗಳ ಕೊರೆಯುವ ಚಳಿಯಲ್ಲಿ, ದಪ್ಪ ಅಂಗಿಗಳ ಮೇಲೆ ಅಂಗಿ ತೊಟ್ಟು, ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ತಾಸುಗಟ್ಟಲೆ ಮರಗಟ್ಟಿ ಕುಳಿತವನು, ಜಿಂಕೆಯ ಕಣ್ಣಿಗೆ ಬೀಳದಂತೆ ಸದ್ದಿಲ್ಲದೆ, ನಿಧಾನವಾಗಿ ಎಳೆಯಬೇಕಾಗುತ್ತದೆ. ಆದ್ದರಿಂದ ಕುರ್ಚಿಯ ಮೇಲೆ ಕುಳಿತು, ಪಾದಗಳನ್ನು ನೆಲದಿಂದ ಎತ್ತಿ, ಬಿಲ್ಲನ್ನು ಗುರಿಯತ್ತಲೇ ನೇರ ಹಿಡಿದು ಎಳೆಯಲು ಸಾಧ್ಯವಾಗುವ ಬಲವೇ ಒಬ್ಬನ ನಿಜವಾದ ಬಲ. ಹೆಚ್ಚಿನ ಬಿಲ್ಲುಗಳಲ್ಲಿ ಗರಿಷ್ಠ ಬಲದಿಂದ ಸುಮಾರು 10 ಪೌಂಡ್ ಇಳಿಸಿಕೊಳ್ಳುವ ಅನುಕೂಲವಿರುವುದರಿಂದ, 60 ಪೌಂಡಿನ ಬಿಲ್ಲನ್ನು 50ಕ್ಕೆ ಇಳಿಸಿ ಆರಂಭಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

ಕಣ್ಣಿನ ಪರೀಕ್ಷೆ ಚಿಕ್ಕದಾದರೂ ಬಿಡುವಂತಿಲ್ಲ. ಕೆಲವರಿಗೆ ಬಲಗೈ ರೂಢಿಯಾಗಿದ್ದರೂ ಗುರಿ ಹಿಡಿಯುವ ಕಣ್ಣು ಎಡಗಣ್ಣಾಗಿರುತ್ತದೆ. ಅಂಥವರು ಎಡಗೈಯವರ ಬಿಲ್ಲನ್ನು ಕೊಳ್ಳಬೇಕೇ ಎಂಬುದು ಹಣ ಕೊಡುವ ಮೊದಲೇ ತೀರ್ಮಾನವಾಗಬೇಕು. ಹೆದೆಯ ಎಳೆಗಳ ನಡುವೆ ಸಿಕ್ಕಿಸುವ, ಪೀಪ್ ಎಂದು ಕರೆಯಲಾಗುವ ಸಣ್ಣ ರಂಧ್ರದ ಬಳೆಯನ್ನು ಸಹ ಕೊಂಡವನು ಎಳೆದು ನಿಂತಾಗ ಅವನ ಕಣ್ಣಿನ ಎತ್ತರಕ್ಕೆ ಕೂರಿಸಬೇಕೇ ಹೊರತು, ಅವನೇ ಅದನ್ನು ಹುಡುಕುತ್ತ ಕತ್ತು ಬಗ್ಗಿಸುವಂತಾಗಬಾರದು.

ಬಿಲ್ಲು ಬದಲಾದಾಗ ಹಳೆಯ ಬಾಣಗಳು ಅದಕ್ಕೆ ಹೊಂದುತ್ತವೆಂಬ ಭರವಸೆಯಿಲ್ಲ. ಪ್ರತಿಯೊಂದು ಬಾಣವೂ ಹೆದೆಯ ತಳ್ಳುವಿಕೆಗೆ ಬಳುಕಿ, ಬಳುಕುತ್ತಲೇ ಹಾರುತ್ತದೆ. ಈ ಬಳುಕನ್ನು ತಡೆಯುವ ಬಾಣದ ಗಡಸುತನಕ್ಕೆ ಸ್ಪೈನ್ ಎನ್ನುತ್ತಾರೆ. 28 ಇಂಚಿನ ಅಂತರದಲ್ಲಿ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಮ್ ತೂಕ ತೂಗಿದಾಗ ಅದು ಒಂದು ಇಂಚಿನ ಸಾವಿರದಲ್ಲಿ 340 ಭಾಗ ಬಗ್ಗಿದರೆ ಅದರ ಸ್ಪೈನ್ 340. ಬಿಲ್ಲಿನ ಬಲ ಹೆಚ್ಚಿದಷ್ಟೂ ಗಡಸು ಬಾಣ ಬೇಕಾಗುತ್ತದೆ. ಹೊಂದಾಣಿಕೆಯನ್ನು ಪರೀಕ್ಷಿಸಲು ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಕೆಲವು ಹೆಜ್ಜೆಗಳ ದೂರದಿಂದ ಬಾಣ ಬಿಡುತ್ತಾರೆ. ಕಾಗದದಲ್ಲಿ ಮೊನೆಯ ಒಂದು ದುಂಡು ತೂತು, ಅದರ ಸುತ್ತ ಗರಿಗಳ ಸೀಳುಗಳು ಮಾತ್ರ ಕಂಡರೆ ಬಾಣ ನೇರವಾಗಿ ಹೊರಟಿದೆಯೆಂದು ಅರ್ಥ. ಮೊನೆಯ ತೂತು ಒಂದೆಡೆ, ಗರಿಯ ಸೀಳುಗಳು ಇನ್ನೊಂದೆಡೆ ಬಿದ್ದು ನಡುವೆ ಉದ್ದನೆಯ ಹರಿದ ಗೆರೆ ಕಂಡರೆ, ಆ ಗೆರೆಯ ದಿಕ್ಕನ್ನು ನೋಡಿ ಬಾಣ ಕೂರುವ ಆಧಾರವನ್ನೋ ಹೆದೆಯ ಮೇಲಿನ ಬಿಂದುವನ್ನೋ ಕೂದಲೆಳೆಯಷ್ಟು ಸರಿಸಿ ಮತ್ತೆ ಪರೀಕ್ಷಿಸಲಾಗುತ್ತದೆ. ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಅದು ವ್ಯರ್ಥವಲ್ಲ.

ಹೊಸ ಬಿಲ್ಲಿನ ಹೆದೆಯು ಮೊದಲ ನೂರಾರು ಬಾಣಗಳವರೆಗೆ ಸೂಕ್ಷ್ಮವಾಗಿ ಜಗ್ಗುತ್ತಿರಬಹುದು. ಆಗ ಪೀಪ್ ತಿರುಗಿಕೊಳ್ಳುತ್ತದೆ, ಕ್ಯಾಮ್‌ಗಳ ಹೊಂದಾಣಿಕೆ ಸ್ವಲ್ಪ ತಪ್ಪುತ್ತದೆ, ಮೊದಲ ದಿನ ಕೂರಿಸಿದ ಗುರಿ ಎರಡನೆಯ ವಾರಕ್ಕೆ ಸುಳ್ಳಾಗುತ್ತದೆ. ಹೆದೆ ನಿಂತ ಮೇಲೆ ಬಿಲ್ಲನ್ನು ಮತ್ತೊಮ್ಮೆ ಅಂಗಡಿಗೆ ಒಯ್ಯಬೇಕು; ಆಮೇಲೆ ಅಭ್ಯಾಸದ ಮೊಂಡು ಮೊನೆಗಳನ್ನು ತೆಗೆದು, ಗಾಳಿಯ ಸೆಳೆತಕ್ಕೆ ಬೇರೆ ರೀತಿಯಲ್ಲಿ ಸಿಕ್ಕುವ ಬೇಟೆಯ ಅಲಗುಗಳನ್ನೇ ಹೂಡಿ ಪರೀಕ್ಷಿಸಬೇಕು. ಬೆನ್ನಿನ ಮತ್ತು ಭುಜದ ಸ್ನಾಯುಗಳಿಗೂ ಹೊಸ ಎಳೆತ ರೂಢಿಯಾಗಲು ವಾರಗಳು ಬೇಕು.

ಆದ್ದರಿಂದ ಋತುವಿಗೆ ಎರಡು ತಿಂಗಳಾದರೂ ಉಳಿದಿದ್ದರೆ ಹೊಸ ಬಿಲ್ಲು ಕೊಳ್ಳುವುದು ಸಮಂಜಸ. ಎರಡು ಮೂರು ವಾರಗಳಷ್ಟೇ ಉಳಿದಿದ್ದು, ಹಳೆಯ ಬಿಲ್ಲು ಸುಸ್ಥಿತಿಯಲ್ಲಿದ್ದರೆ, ಹೊಸದನ್ನು ಕೊಂಡರೂ ಆರಂಭದ ವಾರಗಳಲ್ಲಿ ಹಳೆಯದನ್ನೇ ಕಾಡಿಗೆ ಒಯ್ಯುವುದು ವಿವೇಕ. ಹಳೆಯದು ಮುರಿದುಹೋಗಿ ಬೇರೆ ದಾರಿಯೇ ಇಲ್ಲದಿದ್ದರೆ, ಕಡಿಮೆ ಬಲಕ್ಕೆ ಇಳಿಸಿ, ಎಳೆತದ ಉದ್ದದಲ್ಲಿ ಮಾತ್ರ ಯಾವ ರಾಜಿಯನ್ನೂ ಮಾಡಿಕೊಳ್ಳದೆ, ಪ್ರತಿ ಬಾಣವೂ ಅಂಗೈಯಗಲದ ಗುರಿಯೊಳಗೆ ಬೀಳುವ ದೂರವನ್ನು ಪ್ರಾಮಾಣಿಕವಾಗಿ ಕಂಡುಕೊಂಡು, ಆ ವರ್ಷದ ಮಟ್ಟಿಗೆ ಅದರಾಚೆಗಿನ ಜಿಂಕೆಯನ್ನು ಹಾಗೇ ಹೋಗಗೊಡಬೇಕು. ಕಪಾಟಿನಲ್ಲಿ ಉಳಿದ ಕೊನೆಯ ಬಿಲ್ಲು ಅರ್ಧ ಇಂಚು ಉದ್ದವಾದರೂ ನಡೆಯುತ್ತದೆಂದು ಹೇಳುವ ಮಾರಾಟಗಾರನಿಗಿಂತ, ನಿಮ್ಮ ಅಳತೆಯದನ್ನು ತರಿಸಲು ಮೂರು ವಾರ ಬೇಕೆಂದು ಹೇಳುವವನು ನಂಬಿಕೆಗೆ ಯೋಗ್ಯ.

ಭಾರತದಲ್ಲಿ ಇದೇ ಕಾಂಪೌಂಡ್ ಬಿಲ್ಲು ಕ್ರೀಡಾಂಗಣದ ಆಯುಧವಾಗಿ ನೆಲೆಯೂರಿದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆಂಧ್ರದ ಜ್ಯೋತಿ ಸುರೇಖಾ ವೆನ್ನಂ ಮೂರು ಚಿನ್ನದ ಪದಕಗಳನ್ನು ಗೆದ್ದದ್ದು ಇದರಿಂದಲೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರ್ಪಡೆಯಾಗಲಿರುವುದರಿಂದ ಇದನ್ನು ಕೊಳ್ಳುವ ಎಳೆಯರ ಸಂಖ್ಯೆ ಇಲ್ಲಿಯೂ ಹೆಚ್ಚುವುದು ಸಂಭವನೀಯ. ಬೆಳೆಯುವ ಮಕ್ಕಳ ತೋಳು ವರ್ಷದಿಂದ ವರ್ಷಕ್ಕೆ ಉದ್ದವಾಗುವ ಕಾರಣ, ಎಳೆತದ ಉದ್ದವನ್ನು ಕ್ಯಾಮ್ ಬದಲಿಸದೆಯೇ ಹೊಂದಿಸಿಕೊಳ್ಳಬಹುದಾದ ಬಿಲ್ಲನ್ನೇ ಅವರಿಗೆ ಆರಿಸಬೇಕು. ಅಮೆರಿಕದ ಬೇಟೆಗಾರನಿಗಾದರೆ ಖರೀದಿಗೆ ತಕ್ಕ ಕಾಲ ಋತು ಮುಗಿದ ಮೇಲಿನ ಜನವರಿ, ಫೆಬ್ರವರಿ. ಆಗ ಹೊಸ ವರ್ಷದ ಮಾದರಿಗಳು ಬಂದಿರುತ್ತವೆ, ಹಿಂದಿನ ವರ್ಷದವುಗಳ ಬೆಲೆ ಇಳಿದಿರುತ್ತದೆ, ಅಳತೆ ತೆಗೆಯುವವನಿಗೂ ಪುರುಸೊತ್ತಿರುತ್ತದೆ.