ಹೆಸರು ಕೆಟ್ಟ ಗಿಡ

ಗಿಡಗಳಿಗೆ ಹೆಸರಿಡುವುದರಲ್ಲಿ ಕನ್ನಡ ಎಂದೂ ಜಿಪುಣತನ ತೋರಿದ ಭಾಷೆಯಲ್ಲ. ತುಂಬೆ, ತಂಗಡಿ, ಉತ್ತರಾಣಿ, ನೆಗ್ಗಿಲು — ಯಾರೂ ಬಿತ್ತದ, ಯಾರೂ ನೀರೆರೆಯದ ಬೀದಿಬದಿಯ ಗಿಡಗಳಿಗೂ ನಮ್ಮ ಹಿರಿಯರು ಒಂದೊಂದು ಹೆಸರು ಕೊಟ್ಟು, ಒಂದೊಂದು ಉಪಯೋಗವನ್ನೂ ಕಂಡುಕೊಂಡರು. ಆದರೆ ಯಲಹಂಕ, ಹೆಬ್ಬಾಳಗಳ ಖಾಲಿ ನಿವೇಶನಗಳಲ್ಲಿ, ಯಶವಂತಪುರದ ರೈಲುಹಳಿಗಳ ಅಂಚಿನಲ್ಲಿ ಮಳೆ ಬಿದ್ದೊಡನೆ ಸೊಂಟದೆತ್ತರ ಬೆಳೆದು ಬಿಳಿಯ ಹೂ ಹೊರುವ ಗಿಡಕ್ಕೆ ನಾವು ಕೊಟ್ಟಿರುವುದು ಹೆಸರಲ್ಲ, ಒಂದು ಆಪಾದನೆ. ಕಾಂಗ್ರೆಸ್ ಹುಲ್ಲು ಎನ್ನುತ್ತೇವೆ. ಅದು ಕಾಂಗ್ರೆಸ್ಸೂ ಅಲ್ಲ, ಹುಲ್ಲೂ ಅಲ್ಲ.

ಲಿನೇಯಸನು 1753ರಲ್ಲಿ ಇದಕ್ಕಿಟ್ಟ ಹೆಸರು ಪಾರ್ಥೇನಿಯಂ ಹಿಸ್ಟೆರೋಫೋರಸ್. ತೌರು ಅಮೆರಿಕ ಖಂಡದ ಉಷ್ಣಪ್ರದೇಶ. ಕುಲವನ್ನು ಕೇಳಿದರೆ ಅಚ್ಚರಿಯಾಗುತ್ತದೆ: ನಾವು ದೇವರಿಗೇರಿಸುವ ಸೇವಂತಿಗೆ, ಚೆಂಡುಹೂ, ಹಾರದ ನಡುವೆ ಸೇರಿಸುವ ಮಾಚಿಪತ್ರೆ, ಹೊಲದ ಹುಚ್ಚೆಳ್ಳು, ಸೂರ್ಯಕಾಂತಿ ಎಲ್ಲವೂ ಇದರ ದಾಯಾದಿಗಳೇ. ಆ ಕುಲದ ಲಕ್ಷಣದಂತೆ ಇಲ್ಲಿಯೂ ಒಂದೇ ಹೂವೆಂದು ಕಾಣುವುದು ಹಲವು ಕಿರುಹೂಗಳ ಕೂಟ. ಅಂಚಿನ ಐದು ಮಾತ್ರ ಬೀಜ ಕಟ್ಟುತ್ತವೆ. ನಡುವಿನವು ಪರಾಗವನ್ನಷ್ಟೇ ಚೆಲ್ಲುತ್ತವೆ. ಐದೇ ಎಂದು ಹಗುರವಾಗಿ ಎಣಿಸುವಂತಿಲ್ಲ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಮಿಕ್ಕು ಬೀಜ ಉದುರಿಸಬಲ್ಲುದು.

ಪುಣೆಯಲ್ಲಿ ಇದು ಕಂಡುಬಂದುದನ್ನು ಸಸ್ಯಶಾಸ್ತ್ರಜ್ಞರು 1956ರಲ್ಲಿ ದಾಖಲಿಸಿದರು. ಅಮೆರಿಕದ ಪಿ.ಎಲ್. 480 ಕಾನೂನಿನಂತೆ ಗೋಧಿ ನಮ್ಮ ದೇಶಕ್ಕೆ ಬರತೊಡಗಿದ ಕಾಲವದು. ಆ ಗೋಧಿಯೊಡನೆ ಬೀಜವೂ ಬಂತೆಂದು ಜನ ನಂಬಿದರು. ಹೆಸರಿಗೆ ಅಮೆರಿಕದ ಕಾಂಗ್ರೆಸ್ಸೇ ಕಾರಣವೆಂದು ಕೆಲವರು, ಇಲ್ಲಿ ಆಳುತ್ತಿದ್ದ ಪಕ್ಷವೆಂದು ಕೆಲವರು, ಬಿಳಿ ಟೋಪಿಯಂತಹ ಹೂವೆಂದು ಮತ್ತೆ ಕೆಲವರು ಹೇಳುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ಗಿಡ ಭಾರತದಲ್ಲಿದ್ದುದಕ್ಕೆ ದಾಖಲೆಗಳುಂಟೆಂದು ವಿದ್ವಾಂಸರು ಮುಂದೆ ತೋರಿಸಿದರು. ಕಥೆ ಸಡಿಲಿತು, ಹೆಸರು ಉಳಿಯಿತು.

ಇದು ಬರಿಯ ಶಬ್ದಚರ್ಚೆಯಲ್ಲ. ನಮ್ಮ ಬೀದಿಯಲ್ಲಿ ಹೂತೋಟದ ಕೆಲಸದಿಂದಲೇ ಬದುಕಿದ ಹಿರಿಯರೊಬ್ಬರಿದ್ದಾರೆ. ಮಳೆಗಾಲ ಬಂತೆಂದರೆ ಅವರ ರೆಪ್ಪೆಗಳು ಊದುತ್ತವೆ, ಕತ್ತಿನ ಚರ್ಮ ದಪ್ಪಗಟ್ಟಿ ಬಿರಿಯುತ್ತದೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಗ್ಗದವರಿಗೆ ಬರುವ ರೋಗವಿದು. ಆ ಗಿಡದಿಂದ ದೂರವಿರಿ ಎಂದರಂತೆ ವೈದ್ಯರು. “ಎಲ್ಲಿಗೆ ಹೋಗಲಿ ಮೇಷ್ಟ್ರೇ?” ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರವೆಲ್ಲಿದೆ?

ಮದ್ದನ್ನು ಹುಡುಕಿದವರೂ ಈ ಊರಿನವರೇ. ಬೆಂಗಳೂರಿನ ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೋದಿಂದ ಸೈಗೋಗ್ರಾಮಾ ಬೈಕಲರಾಟಾ ಎಂಬ ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಇಲ್ಲಿನ ಬಯಲಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಅದು ನೆಲೆಗೊಂಡು ಗಿಡಗಳನ್ನು ಬರಿಯ ಕಡ್ಡಿ ಮಾಡತೊಡಗಿತು. 1990ರ ದಶಕದ ಮೊದಲಲ್ಲಿ ಅದು ಸೂರ್ಯಕಾಂತಿಯನ್ನೂ ತಿಂದೀತೆಂಬ ಭಯ ಹುಟ್ಟಿತು. ಗಾಳಿಯಲ್ಲಿ ಹಾರಿ ಸೂರ್ಯಕಾಂತಿಯ ಎಲೆಯ ಮೇಲೆ ಕುಳಿತ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆದದ್ದೆಂದು ಬಳಿಕ ತಿಳಿಯಿತು. ಆದರೂ ಈ ಪುಟ್ಟ ಮಿತ್ರನಿಗೊಂದು ಮಿತಿಯುಂಟು. ಬೇಸಗೆಯಲ್ಲಿ ಅದು ಮಣ್ಣಿನೊಳಗೆ ನಿದ್ರಿಸುತ್ತದೆ. ಮಳೆ ಹಿಡಿದ ಮೇಲೆ ಎದ್ದು ಸಂತಾನ ಬೆಳೆಸುವಷ್ಟರಲ್ಲಿ ಮೊದಲ ಮಳೆಯ ಗಿಡಗಳು ಹೂಬಿಟ್ಟಾಗಿರುತ್ತವೆ.

ನಾವು ಏಳುವುದಂತೂ ಅದಕ್ಕಿಂತ ತಡವಾಗಿ. ಬಯಲೆಲ್ಲ ಬಿಳಿಯಾದ ಮೇಲೆ ಶ್ರಮದಾನ ಹೂಡಿ, ಹುಡುಗರ ಬರಿಗೈಯಲ್ಲಿ ಗಿಡ ಕೀಳಿಸುತ್ತೇವೆ. ಕಿತ್ತಷ್ಟೂ ಪರಾಗ ಮುಖಕ್ಕೆ, ಬೀಜ ನೆಲಕ್ಕೆ.

ನಮ್ಮ ಕಣ್ಣಿನ ಈ ದೋಷಕ್ಕೆ ಭಾಷೆಯೂ ಒಂದು ಕಾರಣವೆಂದು ನನಗೆ ತೋರುತ್ತದೆ. ರಾಗಿಗೆ ಮೊಳಕೆ, ಪೈರು, ಹೊಡೆ, ತೆನೆ ಎಂದು ಪ್ರಾಯಕ್ಕೊಂದು ಮಾತುಂಟು. ಆದುದರಿಂದ ಕಳೆ ಕೀಳುವ ದಿನ ರೈತನಿಗೆ ತಾನೇ ತಿಳಿಯುತ್ತದೆ. ಈ ಗಿಡಕ್ಕೆ ನಾವು ಬೈಗುಳನ್ನು ಕೊಟ್ಟೆವು, ಪ್ರಾಯವನ್ನು ಗುರುತಿಸಲಿಲ್ಲ. ಯಾರು ತಂದರೆಂದು ವಾದಿಸಿದೆವು; ಎಂದು ಕೀಳಬೇಕೆಂದು ಕೇಳಲಿಲ್ಲ. ಮುಂಗಾರಿನ ಮೊದಲ ಹದ ಮಳೆ ಬಿದ್ದು ಮೂರು ವಾರಕ್ಕೆ ಅದು ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡು, ಕ್ಯಾರೆಟ್ಟಿನ ಸೊಪ್ಪಿನಂತಹ ಸೀಳೆಲೆಗಳನ್ನು ಚಕ್ರದಂತೆ ಹರಡಿಕೊಂಡಿರುತ್ತದೆ. ಆಗ ಹೂವಿಲ್ಲ, ಪರಾಗವಿಲ್ಲ. ಮಣ್ಣು ಮೆತ್ತಗಿದ್ದು ಬೇರು ಸಲೀಸಾಗಿ ಬರುತ್ತದೆ. ಅಧ್ಯಾಪಕ ಮಿತ್ರರು ತಮ್ಮ ವಿದ್ಯಾರ್ಥಿಗಳ ಕೈಗೆ ಕೈಚೀಲ ತೊಡಿಸಿ ಬಯಲಿಗೆ ಕರೆದೊಯ್ಯಬೇಕಾದುದು ಆ ವಾರ. ಆ ಎಳೆಯ ಚಕ್ರಕ್ಕೆ ಯಾವನಾದರೂ ಹುಡುಗ ಒಂದು ಒಳ್ಳೆಯ ಕನ್ನಡ ಹೆಸರಿಟ್ಟರೆ ನಿಘಂಟಿಗೆ ಲಾಭ. ನಮ್ಮ ಬೀದಿಯ ಹಿರಿಯರಿಗೆ ಅದಕ್ಕಿಂತ ಹೆಚ್ಚಿನ ಲಾಭ.