ದತ್ತಾಂಶ ವರ್ಗಾವಣೆ ದರದ ಮಾನಗಳ ಪರಿವರ್ತನೆ

ದತ್ತಾಂಶ ವರ್ಗಾವಣೆ ದರ ಎಂದರೆ ಎರಡು ಗಣಕಯಂತ್ರಗಳ ನಡುವೆ, ಅಥವಾ ಗಣಕಯಂತ್ರ ಮತ್ತು ಅದಕ್ಕೆ ಜೋಡಿಸಿದ ಉಪಕರಣಗಳ ನಡುವೆ, ಒಂದು ಸೆಕೆಂಡಿನಲ್ಲಿ ಸಾಗುವ ದತ್ತಾಂಶದ ಪ್ರಮಾಣ. ಫ್ಲಾಪಿ, ಸಿಡಿ, ಮೋಡೆಮ್ ಮೊದಲಾದ ಹಳೆಯ ಯಂತ್ರಾಂಶಗಳ ದರವನ್ನು ತಯಾರಕರು ಬೇರೆ ಬೇರೆ ಮಾನಗಳಲ್ಲಿ ನಮೂದಿಸಿರುವುದರಿಂದ ಅವುಗಳನ್ನು ಹೋಲಿಸಲು ಪರಿವರ್ತನೆ ಅಗತ್ಯ. ಬಿಟ್ ಮತ್ತು ಬೈಟ್‌ಗಳನ್ನು ಅದಲುಬದಲು ಮಾಡಿದರೆ ಲೆಕ್ಕ ಎಂಟು ಪಟ್ಟು ತಪ್ಪುತ್ತದೆ. ಹಳೆಯ ಫ್ಲಾಪಿಗಳಲ್ಲಿರುವ ದಾಖಲೆಗಳನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವವರಿಗೂ ಅಂತರಜಾಲ ಸಂಪರ್ಕ ಪಡೆಯುವವರಿಗೂ ಈ ವ್ಯತ್ಯಾಸ ತಿಳಿದಿರಬೇಕು.

ಮೂಲ ಮಾನಗಳು

ಬಿಟ್ ಎಂಬುದು 0 ಅಥವಾ 1 ಎಂಬ ಅತಿ ಚಿಕ್ಕ ಅಂಶ. 8 ಬಿಟ್‌ಗಳು ಸೇರಿ 1 ಬೈಟ್ ಆಗುತ್ತದೆ. ಸಂಪರ್ಕ ತಂತಿಗಳ ದರವನ್ನು ಸಾಮಾನ್ಯವಾಗಿ ಬಿಟ್‌ಗಳಲ್ಲಿಯೂ ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿಯೂ ಹೇಳುವುದು ರೂಢಿ.

ಸಂಪರ್ಕ ಕ್ಷೇತ್ರದಲ್ಲಿ ಕಿಲೋ ಎಂದರೆ 1,000. ಮೆಗಾ ಎಂದರೆ 10,00,000. ಆದರೆ ಸ್ಮೃತಿಕೋಶ ಮತ್ತು ಕಡತಗಳ ಗಾತ್ರ ಹೇಳುವಾಗ ಕಿಲೋ ಎಂಬುದನ್ನು 1,024 ಎಂಬ ಅರ್ಥದಲ್ಲಿಯೂ ಬಳಸಲಾಗಿದೆ. ಈ ಗೊಂದಲವನ್ನು ನಿವಾರಿಸಲು ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿ 1,024ರ ಗಣನೆಗೆ ಕಿಬಿ, ಮೆಬಿ ಎಂಬ ಪ್ರತ್ಯೇಕ ಪೂರ್ವಪದಗಳನ್ನು ನಿಗದಿಪಡಿಸಿತು.

ಬಾಡ್ ಎಂಬುದು ಒಂದು ಸೆಕೆಂಡಿನಲ್ಲಿ ಸಂಕೇತವು ಬದಲಾಗುವ ಸಂಖ್ಯೆ. ಫ್ರೆಂಚ್ ತಂತ್ರಜ್ಞ ಎಮಿಲ್ ಬೋಡೋ ಅವರ ಹೆಸರಿನಿಂದ ಈ ಪದ ಬಂದಿದೆ. ಇದು ಬಿಟ್ ದರಕ್ಕೆ ಸದಾ ಸಮವಲ್ಲ. 300 ಬಾಡ್‌ನ ಆರಂಭಿಕ ಮೋಡೆಮ್‌ಗಳಲ್ಲಿ ಪ್ರತಿ ಸಂಕೇತವೂ ಒಂದೇ ಬಿಟ್ ಒಯ್ಯುತ್ತಿತ್ತು, ವಿ.22ಬಿಸ್ ಮಾದರಿಯ ಮೋಡೆಮ್ 600 ಬಾಡ್‌ನಲ್ಲಿ ತಲಾ 4 ಬಿಟ್‌ಗಳಂತೆ ಸೆಕೆಂಡಿಗೆ 2,400 ಬಿಟ್ ಕಳುಹಿಸುತ್ತಿತ್ತು.

ಪರಿವರ್ತನೆಯ ಸೂತ್ರಗಳು

* ಬಿಟ್ ದರವನ್ನು 8ರಿಂದ ಭಾಗಿಸಿದರೆ ಬೈಟ್ ದರ ದೊರೆಯುತ್ತದೆ.
* ಬಾಡ್ ಸಂಖ್ಯೆಯನ್ನು ಪ್ರತಿ ಸಂಕೇತದ ಬಿಟ್‌ಗಳಿಂದ ಗುಣಿಸಿದರೆ ಬಿಟ್ ದರ ದೊರೆಯುತ್ತದೆ.
* ಕಡತದ ಬೈಟ್‌ಗಳನ್ನು 8ರಿಂದ ಗುಣಿಸಿ ಬಿಟ್ ದರದಿಂದ ಭಾಗಿಸಿದರೆ ತಗಲುವ ಸಮಯ ಸೆಕೆಂಡುಗಳಲ್ಲಿ ದೊರೆಯುತ್ತದೆ.
* ಸರಣಿ ಪೋರ್ಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಬೈಟ್‌ಗೆ ಒಂದು ಆರಂಭದ ಬಿಟ್ ಮತ್ತು ಒಂದು ಅಂತ್ಯದ ಬಿಟ್ ಸೇರುವುದರಿಂದ 8ರ ಬದಲು 10ರಿಂದ ಲೆಕ್ಕ ಹಾಕಬೇಕು. ಸೆಕೆಂಡಿಗೆ 9,600 ಬಿಟ್ ಎಂದರೆ ಅಲ್ಲಿ 1,200 ಬೈಟ್ ಅಲ್ಲ, 960 ಬೈಟ್.

ಹಳೆಯ ಯಂತ್ರಾಂಶಗಳ ದರಗಳು

3.5 ಅಂಗುಲದ ಫ್ಲಾಪಿಯ ದರ ಸೆಕೆಂಡಿಗೆ 500 ಕಿಲೋಬಿಟ್, ಅಂದರೆ 62,500 ಬೈಟ್. ಅದರ ಮೇಲೆ ನಮೂದಿಸುವ 1.44 ಮೆಗಾಬೈಟ್ ಎಂಬುದರಲ್ಲಿ 1,000 ಮತ್ತು 1,024 ಎರಡೂ ಬೆರೆತಿವೆ. ನಿಜವಾದ ಗಾತ್ರ 14,74,560 ಬೈಟ್. ಸಿಡಿ ಓದುಗದ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ 1,53,600 ಬೈಟ್. 52 ಪಟ್ಟು ಎಂದರೆ 79,87,200 ಬೈಟ್, ಸುಮಾರು 63.9 ಮೆಗಾಬಿಟ್. ಯುಎಸ್‌ಬಿ 1.1ರ ಗರಿಷ್ಠ ದರ 12 ಮೆಗಾಬಿಟ್, ಅಂದರೆ 1.5 ಮೆಗಾಬೈಟ್ ಮಾತ್ರ. ಆದ್ದರಿಂದ 52 ಪಟ್ಟು ವೇಗದ ಸಿಡಿ ಓದುಗವನ್ನು ಅದಕ್ಕೆ ಜೋಡಿಸಿದರೆ ಪೂರ್ಣ ವೇಗ ಸಿಗುವುದಿಲ್ಲ. ಸಂಪರ್ಕ ಸರಪಳಿಯಲ್ಲಿ ಅತಿ ನಿಧಾನವಾದ ಕೊಂಡಿಯೇ ಒಟ್ಟು ದರವನ್ನು ನಿರ್ಧರಿಸುತ್ತದೆ.

ಕರ್ನಾಟಕದ ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆ 1995ರ ಆಗಸ್ಟ್ 15ರಂದು ಆರಂಭವಾಯಿತು. 2000ದ ಸುಮಾರಿಗೆ ಕರ್ನಾಟಕದ ಭೂಮಿ ಯೋಜನೆಯ ಮೂಲಕ ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಯಂತ್ರಗಳಿಗೆ ಬಂದವು. 2005ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯು ತಾಲ್ಲೂಕು ಮಟ್ಟದವರೆಗೆ ಕನಿಷ್ಠ 2 ಮೆಗಾಬಿಟ್ ಸಂಪರ್ಕವನ್ನು ಗುರಿಯಾಗಿಟ್ಟುಕೊಂಡಿತ್ತು. 2011ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು ಗ್ರಾಮ ಪಂಚಾಯಿತಿಗಳಿಗೆ 100 ಮೆಗಾಬಿಟ್ ತಲುಪಿಸುವ ಗುರಿ ಹೊಂದಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ 2021ರಿಂದ ಹೊಸಪೇಟೆ ಕೇಂದ್ರವಾಗಿರುವ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಂತಹ ದೂರದ ತಾಲ್ಲೂಕುಗಳಲ್ಲಿ ದರದ ವ್ಯತ್ಯಾಸವೇ ಕಾಯುವ ಹೊತ್ತನ್ನು ನಿರ್ಧರಿಸುತ್ತದೆ. ಕೂಡ್ಲಿಗಿಯಿಂದ ಹೊಸಪೇಟೆಗೆ ಒಂದು ತುಂಬಿದ ಫ್ಲಾಪಿಯಷ್ಟು ದತ್ತಾಂಶವನ್ನು, ಅಂದರೆ 1,17,96,480 ಬಿಟ್‌ಗಳನ್ನು, ಕಳುಹಿಸಬೇಕೆಂದು ಭಾವಿಸಿದರೆ ಗರಿಷ್ಠ ದರದಲ್ಲಿ ತಗಲುವ ಸಮಯ ಹೀಗಿದೆ:

* 9,600 ಬಿಟ್ ಮೋಡೆಮ್: ಸುಮಾರು 20 ನಿಮಿಷ 29 ಸೆಕೆಂಡು
* 56 ಕಿಲೋಬಿಟ್ ಮೋಡೆಮ್: ಸುಮಾರು 3 ನಿಮಿಷ 31 ಸೆಕೆಂಡು
* 2.048 ಮೆಗಾಬಿಟ್ ಗುತ್ತಿಗೆ ತಂತಿ: 5.76 ಸೆಕೆಂಡು
* 100 ಮೆಗಾಬಿಟ್ ಫೈಬರ್: ಸುಮಾರು 0.12 ಸೆಕೆಂಡು

ಅದೇ ಫ್ಲಾಪಿಗಳಲ್ಲಿ ಹತ್ತನ್ನು ಬಸ್ಸಿನಲ್ಲಿ ಒಂದೂವರೆ ಗಂಟೆಯಲ್ಲಿ ಒಯ್ದರೆ ಸರಾಸರಿ ದರ ಸೆಕೆಂಡಿಗೆ ಸುಮಾರು 21.8 ಕಿಲೋಬಿಟ್ ಆಗುತ್ತದೆ. ಅದು 9,600 ಬಿಟ್ ಮೋಡೆಮ್‌ನ ದರಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಕನ್ನಡ ಪಠ್ಯದ ಗಾತ್ರ

ಕನ್ನಡದ ಪ್ರತಿ ಯೂನಿಕೋಡ್ ಸಂಕೇತವು ಯುಟಿಎಫ್-8 ವಿಧಾನದಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. 1991ರ ಇಸ್ಕಿ ಮಾನಕದಲ್ಲಿ ಸಾಮಾನ್ಯವಾಗಿ 1 ಬೈಟ್ ಸಾಕು. ಇಂತಹ 2,000 ಸಂಕೇತಗಳ ಪುಟವೊಂದು ಯುಟಿಎಫ್-8ರಲ್ಲಿ 6,000 ಬೈಟ್ ಆಗುತ್ತದೆ. 9,600 ಬಿಟ್ ದರದಲ್ಲಿ ಅದಕ್ಕೆ 5 ಸೆಕೆಂಡು ಬೇಕು. ಆರಂಭ ಮತ್ತು ಅಂತ್ಯದ ಬಿಟ್‌ಗಳು ಸೇರಿದರೆ 6.25 ಸೆಕೆಂಡು.

ಗಮನಿಸಬೇಕಾದ ಅಂಶಗಳು

ನಮೂದಿಸಿದ ದರ ಗರಿಷ್ಠ ಮಿತಿಯೇ ಹೊರತು ದಿನನಿತ್ಯ ದೊರೆಯುವ ದರವಲ್ಲ. ದೂರವಾಣಿ ತಂತಿಯ ಗದ್ದಲ, ದೋಷ ಪರಿಶೀಲನೆಯ ಬಿಟ್‌ಗಳು ಮತ್ತು ಬಳಕೆದಾರರ ದಟ್ಟಣೆ ಅದನ್ನು ತಗ್ಗಿಸುತ್ತವೆ. ಜಾಹೀರಾತಿನಲ್ಲಿ 10 ಮೆಗಾಬಿಟ್ ಎಂದಿರುವ ಸಂಪರ್ಕದಲ್ಲಿ ಕಡತವು ಸೆಕೆಂಡಿಗೆ ಹೆಚ್ಚೆಂದರೆ 1.25 ಮೆಗಾಬೈಟ್‌ನಂತೆ ಇಳಿಯುತ್ತದೆ. ಇದು ಸಂಪರ್ಕದ ದೋಷವಲ್ಲ, ಮಾನದ ವ್ಯತ್ಯಾಸ.